ಜಿಮ್‌ನಲ್ಲಿ ಏಳುವ ಬಾರ್ ಸ್ಪರ್ಧೆಯಲ್ಲಿ ಯಾಕೆ ಏಳಲಿಲ್ಲ? ಉಡುಪಿಯ ಒಂದು ಪ್ರಕರಣ

ಇದು ವೇಟ್‌ಲಿಫ್ಟಿಂಗ್ ಕಲಿಯುವ ಒಬ್ಬ ಕಾಲೇಜು ಹುಡುಗಿಯ ಕಥೆ. ಅವಳಿಗೆ ಇಲ್ಲಿ ಹೆಸರಿಲ್ಲ. ಕಾಲೇಜಿಗೂ ಇಲ್ಲ. ಯಾವ ವರ್ಷ ಅಂತ ಹೇಳುವುದಿಲ್ಲ, ಕಿಲೋ ಲೆಕ್ಕವನ್ನೂ ಒಂದೆರಡು ಆಚೀಚೆ ಮಾಡಿದ್ದೇನೆ. ಉಡುಪಿ ಸಣ್ಣ ಊರು. ಸ್ವಲ್ಪ ಸುಳಿವು ಸಿಕ್ಕಿದರೂ ಸಾಕು, ಯಾರ ಮನೆಯ ಹುಡುಗಿ ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೇನೆ. ಎರಡು ಕಡೆ ತಿದ್ದಿಸಿದಳು. ನನ್ನ ತಪ್ಪುಗಳನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ.

ಹಿನ್ನೆಲೆ

ನಾನು ಕಾಲೇಜು ಮಕ್ಕಳಿಗೆ ವೇಟ್‌ಲಿಫ್ಟಿಂಗ್ ಕಲಿಸುವವನು. ನಮ್ಮದು ಹಂಚಿನ ಮಾಡಿನ ಒಂದು ಉದ್ದ ಕೋಣೆ. ಎರಡು ಪ್ಲಾಟ್‌ಫಾರ್ಮ್, ನಾಲ್ಕು ಬಾರ್, ಅಂದರೆ ಭಾರದ ಪ್ಲೇಟ್ ಸಿಕ್ಕಿಸಿ ಎತ್ತುವ ಸರಳು. ಕಡಲ ಗಾಳಿಗೆ ಬಾರ್ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ತಂತಿ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಒರೆಸಬೇಕು. ಕೈ ಜಾರದಿರಲಿ ಅಂತ ಹಚ್ಚುವ ಚಾಕ್ ಪುಡಿ ಮಳೆಗಾಲದಲ್ಲಿ ಡಬ್ಬದಲ್ಲೇ ಗಟ್ಟಿಯಾಗುತ್ತದೆ. ಆದರೂ ಕಲಿಯಲು ಬರುವ ಮಕ್ಕಳಿಗೆ ಬರ ಇಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಕಂಚು ತಂದ ಮೇಲಂತೂ ಇಲ್ಲಿನ ತಂದೆತಾಯಿಗೆ ಈ ಆಟ ಎಂಥದ್ದು ಅಂತ ವಿವರಿಸಬೇಕಾದ ಕಷ್ಟ ತಪ್ಪಿದೆ.

ಅವಳು ಬಂದದ್ದು ಡಿಗ್ರಿಯ ಮೊದಲ ವರ್ಷದಲ್ಲಿ. ಪಿಯುಸಿವರೆಗೆ ಕಬಡ್ಡಿ ಆಡಿದ್ದಳು, ಕಾಲು ಗಟ್ಟಿ. ಮನೆ ಮಲ್ಪೆಯ ಹತ್ತಿರ, ಅಪ್ಪ ಬೋಟಿಗೆ ಹೋಗುವವರು. 55 ಕಿಲೋ ಮೈತೂಕದ ವಿಭಾಗ. ಎರಡು ವರ್ಷದಲ್ಲಿ ಸ್ನ್ಯಾಚ್ 62 ಕಿಲೋ, ಕ್ಲೀನ್ ಅಂಡ್ ಜರ್ಕ್ 78 ಕಿಲೋವರೆಗೆ ಬಂದಳು. ಸ್ನ್ಯಾಚ್ ಅಂದರೆ ನೆಲದ ಮೇಲಿನ ಬಾರನ್ನು ಎಲ್ಲೂ ನಿಲ್ಲಿಸದೆ ಒಂದೇ ಏಟಿಗೆ ತಲೆಯ ಮೇಲೆ ತರುವುದು. ಬಾರ್ ಏಳುತ್ತಿರುವಾಗಲೇ ಅದರ ಕೆಳಗೆ ಹೋಗಿ ಕೂರಬೇಕು. ಇಡೀ ಕೆಲಸ ಒಂದೆರಡು ಸೆಕೆಂಡಿನದು. ಕ್ಲೀನ್ ಅಂಡ್ ಜರ್ಕ್ ಅಂದರೆ ಬಾರನ್ನು ಮೊದಲು ಹೆಗಲಿಗೆ ತಂದು, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು. ಅಭ್ಯಾಸದಲ್ಲಿ 58 ಕಿಲೋ ಇಟ್ಟರೆ ಹತ್ತರಲ್ಲಿ ಒಂಬತ್ತು ಸಲ ಅವಳಿಗೆ ಏಳುತ್ತಿತ್ತು.

ಎರಡು ಸ್ಪರ್ಧೆ, ಆರು ಕೆಂಪು

ಸ್ಪರ್ಧೆಯ ನಿಯಮ ಗೊತ್ತಿಲ್ಲದವರಿಗೆ ಎರಡು ಮಾತು. ಸ್ನ್ಯಾಚ್‌ಗೆ ಮೂರು ಅವಕಾಶ, ಕ್ಲೀನ್ ಅಂಡ್ ಜರ್ಕ್‌ಗೆ ಮೂರು. ಹೆಸರು ಕರೆದ ಮೇಲೆ ಒಂದು ನಿಮಿಷದೊಳಗೆ ಬಾರ್ ನೆಲ ಬಿಡಬೇಕು. 30 ಸೆಕೆಂಡ್ ಉಳಿದಾಗ ಒಂದು ಗಂಟೆ ಬಾರಿಸುತ್ತದೆ. ಈಗಷ್ಟೇ ಎತ್ತಿದವರದೇ ಮತ್ತೆ ಸರದಿ ಬಂದರೆ ಎರಡು ನಿಮಿಷ ಸಿಗುತ್ತದೆ. ಮೂವರು ರೆಫರಿಗಳಲ್ಲಿ ಇಬ್ಬರು ಬಿಳಿ ದೀಪ ಹಾಕಬೇಕು. ಇಲ್ಲದಿದ್ದರೆ ಕೆಂಪು, ಅಂದರೆ ಆ ಪ್ರಯತ್ನ ಹೋದ ಹಾಗೆ. ಸ್ನ್ಯಾಚ್‌ನಲ್ಲಿ ಮೂರೂ ಹೋದರೆ ಒಟ್ಟು ತೂಕದ ಲೆಕ್ಕವೇ ಇಲ್ಲ, ಪಟ್ಟಿಯಲ್ಲಿ ಹೆಸರಿನ ಮುಂದೆ ಖಾಲಿ.

ನವೆಂಬರಿನ ಮೊದಲ ಸ್ಪರ್ಧೆಗೆ 58ರಲ್ಲಿ ಶುರು ಮಾಡಿಸಿದೆ. ಹೋಯಿತು. ಅವಳದೇ ಸರದಿ, ಎರಡು ನಿಮಿಷ. ಮತ್ತೆ ಹೋಯಿತು. ಮೂರನೆಯದೂ ಹೋಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಕಟ್ಟಿದ ಕಾರಣ ಸರಳವಾಗಿತ್ತು: ಶಕ್ತಿ ಸಾಲದು. ನಾಲ್ಕು ತಿಂಗಳು ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು), ಪುಲ್ (ಬಾರನ್ನು ನೆಲದಿಂದ ಎಳೆಯುವುದು). ಸ್ಕ್ವಾಟ್ 95ರಿಂದ 102 ಕಿಲೋಗೆ ಏರಿತು. ನನಗೆ ಖುಷಿಯೋ ಖುಷಿ.

ಮಾರ್ಚ್‌ನಲ್ಲಿ 57ರಿಂದ ಶುರು ಮಾಡಿದೆವು. ಮೂರೂ ಕೆಂಪು. ಇನ್ನೂ ವಿಚಿತ್ರ ಅಂದರೆ ಹಿಂದಿನ ಕೋಣೆಯ ವಾರ್ಮ್ ಅಪ್‌ನಲ್ಲಿ 50 ಕಿಲೋ ಕೂಡ ಕೈಜಾರಿತ್ತು. ಆ 50 ಕಿಲೋವನ್ನು ಅವಳು ಮನೆಯಿಂದ ತಡವಾಗಿ ಬಂದ ದಿನ ಚಪ್ಪಲಿ ಬಿಟ್ಟು ನೇರ ಬಂದು ಎತ್ತುವವಳು. ಶಕ್ತಿಯ ಕಥೆ ಅಲ್ಲಿಗೆ ಮುಗಿಯಿತು.

ಏನಾಗ್ತದೆ ಅಂತ ಕೇಳಿದೆ. "ಗೊತ್ತಾಗುದಿಲ್ಲ ಸರ್. ಬಾರ್ ಹಿಡಿದ ಕೂಡಲೇ ಕೈ ನನ್ನದಲ್ಲ ಅಂತ ಆಗ್ತದೆ" ಅಂದಳು.

ಮೊದಲು ಮಾಡಿದ್ದು: ಭಾಷಣ

ಆಮೇಲೆ ನಾನು ಮಾಡಿದ್ದು ಹೆಚ್ಚಿನ ಕೋಚ್‌ಗಳು ಮಾಡುವುದನ್ನೇ. ಧೈರ್ಯ ತುಂಬಿದೆ. ಮೀರಾಬಾಯಿ ಚಾನು ಅವರ ಕಥೆ ಹೇಳಿದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆರು ಪ್ರಯತ್ನದಲ್ಲಿ ಒಂದೇ ಸರಿಯಾಗಿ, ಒಟ್ಟು ತೂಕವೇ ಇಲ್ಲದೆ ಮರಳಿದವರು, 2017ರಲ್ಲಿ ವಿಶ್ವ ಚಾಂಪಿಯನ್ ಆದರು, ಟೋಕಿಯೋದಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ನಮ್ಮ ಗುರುರಾಜರ ಕಥೆಯನ್ನೂ ಹೇಳಿದೆ. ಗೋಲ್ಡ್ ಕೋಸ್ಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೊದಲೆರಡು ಪ್ರಯತ್ನ ತಪ್ಪಿ, ಕೊನೆಯದರಲ್ಲಿ 138 ಕಿಲೋ ಎತ್ತಿದ್ದು.

ಅವಳು ಪೂರ್ತಿ ಕೇಳಿದಳು. ಕಡೆಗೆ, "ಅವರಿಗೆ ಎತ್ತಲಿಕ್ಕೆ ಆಯ್ತಲ್ಲ ಸರ್" ಅಂದಳು.

ದೊಡ್ಡವರ ಕಥೆಯಲ್ಲಿ ಸುಳ್ಳೇನಿಲ್ಲ. ಆದರೆ ಬಿದ್ದವರು ಎದ್ದರು ಅಂತ ಹೇಳಿದರೆ ಹೇಗೆ ಎದ್ದರು ಅಂತ ಹೇಳಿದ ಹಾಗೆ ಆಗುವುದಿಲ್ಲ. ಅವಳ ಕೈಗೆ ಮಾಡಲಿಕ್ಕೆ ಒಂದು ಕೆಲಸವನ್ನೂ ನಾನು ಕೊಟ್ಟಿರಲಿಲ್ಲ. ಕೊಟ್ಟದ್ದು ಇನ್ನೊಂದು ಹೊರೆ, ಅಷ್ಟೆ.

ಧ್ಯಾನ ಮಾಡು ಅಂತಲೂ ಹೇಳಿದೆ, ಬೆಳಿಗ್ಗೆ ಐದೂವರೆಗೆ ಎದ್ದು 20 ನಿಮಿಷ. ನಾಲ್ಕನೇ ದಿನ ಕುಳಿತಲ್ಲೇ ನಿದ್ದೆ ಹೋದಳಂತೆ. ಮೀನುಗಾರರ ಮನೆಯಲ್ಲಿ ಆ ಹೊತ್ತಿಗೆ ಸುಮ್ಮನೆ ಕೂರಲು ಜಾಗವೂ ಇಲ್ಲ, ಮೌನವೂ ಇಲ್ಲ. ಅದು ಅಲ್ಲಿಗೇ ನಿಂತಿತು.

ಒಂದು ವಿಡಿಯೋ

ಮೇ ತಿಂಗಳಲ್ಲಿ ತಂಡದ ಇನ್ನೊಬ್ಬ ಹುಡುಗಿ ಮಾರ್ಚ್ ಸ್ಪರ್ಧೆಯ ವಿಡಿಯೋ ಕಳಿಸಿದಳು. ಸಾಮಾನ್ಯವಾಗಿ ನಾವು ಇಂಥ ವಿಡಿಯೋವನ್ನು ಶಬ್ದ ತೆಗೆದು, ನಿಧಾನ ಮಾಡಿ, ಬಾರ್ ಹೋದ ದಾರಿ ನೋಡುತ್ತೇವೆ. ಆ ದಿನ ಶಬ್ದ ಹಾಗೇ ಇತ್ತು.

ಕೇಳಿಸಿದ್ದು ನನ್ನದೇ ಗಂಟಲು. "ಎದೆ ಮೇಲೆ! ಬಾರ್ ಹತ್ತಿರ! ಅವಸರ ಬೇಡ! ಮೊಣಕೈ! ಗಟ್ಟಿ ಎಳಿ! ಹೆದರಬೇಡ! ಕೆಳಗೆ ಹೋಗು ಬೇಗ!" ಹೆಸರು ಕರೆದಲ್ಲಿಂದ ಬಾರ್ ನೆಲ ಬಿಡುವವರೆಗೆ ಏಳು ಸೂಚನೆ. ಅದರಲ್ಲಿ ಎರಡು ಒಂದಕ್ಕೊಂದು ವಿರುದ್ಧ: ಅವಸರ ಬೇಡ, ಬೇಗ ಹೋಗು.

ಆಮೇಲೆ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಜಿಮ್‌ನಲ್ಲಿ ಅವಳು ಬಾರ್ ಹಿಡಿದ ಮೇಲೆ 5ರಿಂದ 6 ಸೆಕೆಂಡಿನಲ್ಲಿ ಎಳೆಯುತ್ತಾಳೆ. ಸ್ಪರ್ಧೆಯಲ್ಲಿ ಮೊದಲ ಸಲ 14 ಸೆಕೆಂಡ್, ಎರಡನೇ ಸಲ 19, ಮೂರನೇ ಸಲ 22. ಪ್ರತಿ ಸಲವೂ ಬಗ್ಗಿ ನಿಂತು ನಾನು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದಳು. ಪಾಪ, ಒಳ್ಳೆಯ ವಿದ್ಯಾರ್ಥಿನಿ.

ರೂಢಿಯಾದ ಕೆಲಸ ಇದರಿಂದಲೇ ಕೆಡುತ್ತದೆ. ದಿನಾ ಇಳಿಯುವ ಮೆಟ್ಟಿಲನ್ನು ಯಾವ ಕಾಲು ಮೊದಲು ಅಂತ ಯೋಚಿಸುತ್ತ ಇಳಿದು ನೋಡಿ, ಮುಗ್ಗರಿಸುತ್ತೀರಿ. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ 1984ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಒತ್ತಡ ಹೆಚ್ಚಾದಾಗ ಮನುಷ್ಯ ತನ್ನ ಮೈಯನ್ನೇ ಗಮನಿಸಲು ಶುರು ಮಾಡುತ್ತಾನೆ, ತಾನಾಗಿ ನಡೆಯುತ್ತಿದ್ದ ಕೆಲಸಕ್ಕೆ ಅಡ್ಡ ಬರುತ್ತಾನೆ ಅಂತ. ಅವಳಿಗೆ ಆಗುತ್ತಿದ್ದದ್ದು ಇದೇ. ಒಂದು ವ್ಯತ್ಯಾಸ: ಅಡ್ಡ ಬರುವ ಕೆಲಸವನ್ನು ಅವಳ ಪರವಾಗಿ ನಾನೇ ಮಾಡುತ್ತಿದ್ದೆ.

ಇದನ್ನು ಅವಳಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳಿದರೆ ಕೋಚ್ ಮೇಲಿನ ನಂಬಿಕೆ ಹೋದೀತು ಅಂತ ಭಯ. ಕೊನೆಗೆ ವಿಡಿಯೋವನ್ನೇ ತೋರಿಸಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಆರು ತಿಂಗಳಲ್ಲಿ ಸ್ಪರ್ಧೆಯ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು.

ಮಳೆಗಾಲದ ಹನ್ನೆರಡು ವಾರ

ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಸಮಯ ಇತ್ತು. ಒಂದು ತೀರ್ಮಾನ ಮಾಡಿದೆವು: ಮನಸ್ಸಿಗೆ ಅಂತ ಬೇರೆ ತರಗತಿ ಬೇಡ. ಮಾಡುವುದೆಲ್ಲ ಬಾರ್ ಪಕ್ಕದಲ್ಲೇ, ಸೆಟ್ ಲೆಕ್ಕದಲ್ಲೇ. 20 ನಿಮಿಷದ ಧ್ಯಾನ ರೂಢಿಯಾಗದಿದ್ದದ್ದಕ್ಕೆ ಕಾರಣ ಅವಳ ಸೋಮಾರಿತನ ಅಲ್ಲ, ಅದು ಅವಳ ದಿನದಲ್ಲಿ ಎಲ್ಲಿಗೂ ಅಂಟಿಕೊಂಡಿರಲಿಲ್ಲ. ಸ್ಕ್ವಾಟ್ ಮುಗಿದು ಏದುಸಿರು ಬಿಡುವಾಗ ಐದು ಉಸಿರು, ಬಿಡುವ ಉಸಿರು ಉದ್ದ. ಇಷ್ಟೇ. ಇದು ಮೊದಲ ದಿನದಿಂದ ರೂಢಿಯಾಯಿತು, ಈಗಲೂ ಇದೆ.

ಎರಡನೆಯದು, ಒಂದೇ ಪದ. ಏಳು ಸೂಚನೆಯ ಜಾಗದಲ್ಲಿ ಒಂದು. ಪದ ಅವಳೇ ಆರಿಸಬೇಕು ಅಂದೆ. ಒಂದು ವಾರ "ಕಾಲು" ಅಂತ ಇಟ್ಟುಕೊಂಡಳು, ಸರಿ ಬರಲಿಲ್ಲ, ಕಾಲಿನ ಮೇಲೇ ಗಮನ ಹೋಗಿ ಎಳೆತ ನಿಧಾನವಾಯಿತು. ಆಮೇಲೆ "ನೆಲ" ಅಂದಳು. ಕಾಲಿನಿಂದ ನೆಲವನ್ನು ಕೆಳಗೆ ದೂಡುವುದು. ಇದು ಹಿಡಿಯಿತು. ಗಮನ ಮೈಯೊಳಗೆ ಇರುವುದಕ್ಕಿಂತ ಹೊರಗಿನ ವಸ್ತುವಿನ ಮೇಲಿದ್ದರೆ ಚಲನೆ ಸಲೀಸಾಗುತ್ತದೆ ಎಂದು ಗೇಬ್ರಿಯಲ್ ವುಲ್ಫ್ ಎಂಬ ಸಂಶೋಧಕಿ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಓದಿದ್ದೆ. ಆದರೆ ಓದಿದ್ದು ನನ್ನ ಬಾಯಿಗೆ ತಲುಪಿರಲಿಲ್ಲ.

ಮೂರನೆಯದು ಕ್ರಮ. ಚಾಕ್, ಬೆಲ್ಟ್, ಎರಡು ಉಸಿರು, ಎದುರು ಗೋಡೆಯಲ್ಲಿ ಒಂದು ಗುರುತು ನೋಡುವುದು, "ನೆಲ" ಅನ್ನುವುದು, ಹಿಡಿಯುವುದು, ಎಳೆಯುವುದು. ಹಿಡಿದ ಮೇಲೆ 6 ಸೆಕೆಂಡ್ ಮೀರಬಾರದು. 30 ಕಿಲೋ ಎತ್ತುವಾಗಲೂ ಇದೇ, 60 ಕಿಲೋಗೂ ಇದೇ. ಮೊದಲೆರಡು ವಾರ ಅವಳಿಗೆ ನಾಟಕ ಮಾಡಿದ ಹಾಗೆ ಅನ್ನಿಸಿತಂತೆ. ಉಳಿದ ಮಕ್ಕಳು ಅಣಕಿಸಿದರು. ಒಂದು ತಿಂಗಳು ಕಳೆಯುವಾಗ ಅವರಲ್ಲೇ ಮೂವರು ಗೋಡೆಯಲ್ಲಿ ತಮ್ಮ ತಮ್ಮ ಗುರುತು ಹಾಕಿಕೊಂಡಿದ್ದರು.

ಇನ್ನು ಪುಸ್ತಕ. ಭಾರದ ಪ್ರತಿ ಸೆಟ್ ಆದ ಮೇಲೆ ಮನಸ್ಸು ಎಲ್ಲಿತ್ತು ಅಂತ ಬರೆಯಬೇಕು. ಮೊದಲು ಅರ್ಧ ಪುಟ ಬರೆದಳು, ಅದು ಡೈರಿ ಆಯಿತು, ಬೇಜಾರೂ ಬಂತು. ಕೊನೆಗೆ ಮೂರು ಅಕ್ಷರಕ್ಕೆ ಇಳಿಸಿದೆವು. ನೆಲದ ಮೇಲಿದ್ದರೆ "ನೆ". ಜನ ಏನು ಹೇಳಿಯಾರು ಅಂತಿದ್ದರೆ "ಜ". ಸರ್ ಏನು ಹೇಳಿಯಾರು ಅಂತಿದ್ದರೆ "ಸ". ಮೊದಲ ವಾರದ 40 ಸೆಟ್‌ನಲ್ಲಿ "ಜ" 7, "ನೆ" 12, "ಸ" 21. ಜನರ ಭಯ ಅಂತ ನಾನು ಊರಿಡೀ ಹೇಳಿಕೊಂಡು ಬಂದಿದ್ದೆ. ಅವಳಿಗೆ ಇದ್ದದ್ದು ನನ್ನ ಭಯ.

ಹಾಗಾಗಿ ನನಗೂ ಒಂದು ನಿಯಮ ಬಂತು. ಅವಳು ಬೆಲ್ಟ್ ಬಿಗಿದ ಮೇಲೆ ನಾನು ಮಾತಾಡಬಾರದು. ಮಾತಾಡಿದರೆ 10 ರೂಪಾಯಿ ದಂಡ, ಶನಿವಾರದ ಗೋಳಿಬಜೆಗೆ. ಮೊದಲ ತಿಂಗಳು 240 ರೂಪಾಯಿ ಕೊಟ್ಟೆ. ಸುಮ್ನೆ ನಿಲ್ಲುವುದು ಎಷ್ಟು ಕಷ್ಟ ಅಂತ ಗೊತ್ತಾದದ್ದು ಆಗ. ಕೈಗೆ ಕೆಲಸ ಇರಲಿ ಅಂತ ಚಾಕ್ ಡಬ್ಬ ಒಂದರಲ್ಲಿ, ಸ್ಟಾಪ್‌ವಾಚ್ ಇನ್ನೊಂದರಲ್ಲಿ ಹಿಡಿದು ನಿಲ್ಲುತ್ತಿದ್ದೆ. ಬಾಯಿಯ ಅಭ್ಯಾಸ ಬಿಡಿಸಲು ಕೈಗೆ ಅಭ್ಯಾಸ ಕೊಡಬೇಕು ಅಂತ ಕಾಣುತ್ತದೆ.

ಶನಿವಾರ ಅಣಕು ಸ್ಪರ್ಧೆ. ಭಾರ ಏರಿಸುವ ಹಾಗೆ ಒತ್ತಡವನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆವು. ಮೊದಲ ವಾರ ಇಬ್ಬರು ಗೆಳತಿಯರು ನೋಡುವವರು. ಆಮೇಲೆ ಗಡಿಯಾರ, ಗಂಟೆ. ಆಮೇಲೆ ಕೆಂಪು ಬಿಳಿ ಕಾರ್ಡ್ ಹಿಡಿದ ಮೂವರು. ಆಮೇಲೆ ಅಜ್ಜರಕಾಡು ಮೈದಾನಕ್ಕೆ ಓಡಲು ಬರುವ ಹುಡುಗರನ್ನು ಕರೆದು ಕೂರಿಸಿದೆವು, ಅವರಿಗೂ ಗೋಳಿಬಜೆ. ಒಂದು ಶನಿವಾರ ಕರೆಂಟ್ ಹೋಯಿತು, ಹಂಚಿನ ಮೇಲೆ ಮಳೆ ಸುರಿಯುವ ಸದ್ದಿಗೆ ಹೆಸರು ಕರೆದದ್ದೇ ಕೇಳಿಸಲಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆವು.

ಕಾಯುವುದನ್ನೂ ಅಭ್ಯಾಸ ಮಾಡಿದೆವು. ಇದು ನಾನು ಎಲ್ಲೂ ನೋಡಿ ಕಲಿತದ್ದಲ್ಲ. ಸ್ಪರ್ಧೆಯಲ್ಲಿ ಮಧ್ಯೆ ಬೇರೆಯವರ ಸರದಿ ಬಂದರೆ ಎಂಟು ಹತ್ತು ನಿಮಿಷ ಕುರ್ಚಿಯಲ್ಲಿ ಕೂರಬೇಕಾಗುತ್ತದೆ, ಮೈ ತಣ್ಣಗಾಗುತ್ತದೆ, ತಲೆ ಬಿಸಿಯಾಗುತ್ತದೆ. ಹಾಗಾಗಿ ಕುರ್ಚಿಯಲ್ಲಿ ಒಂಬತ್ತು ನಿಮಿಷ, ಫೋನ್ ಇಲ್ಲ, ಎದ್ದು ಒಂದೇ ಒಂದು ಲಿಫ್ಟ್. ಮತ್ತೆ ಒಂಬತ್ತು ನಿಮಿಷ. ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಐದನೇ ವಾರ

ಎಲ್ಲ ಸರಿಯಾಗುತ್ತಿದೆ ಅನ್ನುವಾಗ ಐದನೇ ಶನಿವಾರ ಮೂರೂ ಪ್ರಯತ್ನ ಹೋಯಿತು. 54 ಕಿಲೋ. ಬೆಲ್ಟ್ ಬಿಚ್ಚಿ ಎಸೆದು ಹೋದಳು. ನಾಲ್ಕು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ.

ಪುಸ್ತಕ ಜಿಮ್‌ನಲ್ಲೇ ಉಳಿದಿತ್ತು. ತೆರೆದು ನೋಡಿದರೆ ಆ ವಾರ ನಮ್ಮ ಲೆಕ್ಕದಲ್ಲಿ ಇಲ್ಲದ ಒಂದು ಅಕ್ಷರ: "ಅ". ಹನ್ನೊಂದು ಸಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅಪ್ಪ ಮನೆಯಲ್ಲೇ ಇದ್ದರು. ಉಳಿದ ಹತ್ತು ತಿಂಗಳು ಮಗಳ ಅಭ್ಯಾಸದ ವಿಷಯ ಅವರಿಗೆ ಫೋನಿನಲ್ಲಿ ಎರಡು ಮಾತು. ಈಗ ದಿನಾ ಸಂಜೆ ಜಗಲಿಯಲ್ಲಿ ಕೂತು ಕಾಯುವುದು, ಒಳಗೆ ಕಾಲಿಡುವ ಮೊದಲೇ ಕೇಳುವುದು: "ಇವತ್ತು ಎಷ್ಟು ಎತ್ತಿದಿ?" ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಆದರೆ ಅನ್ನುವ ಆಸೆ ಮನೆಯಲ್ಲಿ ಎಲ್ಲರಿಗೂ ಇತ್ತು, ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ.

ಮಳೆಯಲ್ಲೇ ಮನೆಗೆ ಹೋದೆ. ದಯವಿಟ್ಟು ಎಷ್ಟು ಅಂತ ಕೇಳಬೇಡಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳದಿದ್ರೆ ಅಪ್ಪನಿಗೆ ತನ್ನ ಚಿಂತೆಯೇ ಇಲ್ಲ ಅಂತ ಆಗುದಿಲ್ವಾ ಸರ್ ಅವಳಿಗೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅವರನ್ನು ಸುಮ್ಮನಿರಿಸಲು ಹೋಗಿದ್ದು ನನ್ನ ಅವಸರ. ಒಳಗಿದ್ದ ಹುಡುಗಿಯೇ ಹೊರಗೆ ಬಂದು, "ಊಟ ಆಯ್ತಾ ಕೇಳಿ ಅಪ್ಪ, ಸಾಕು" ಅಂದಳು. ಅವರು ಹಾಗೇ ಮಾಡಿದರು. ಆದರೆ ಆ ವಾರ "ಊಟ ಆಯ್ತಾ" ಅನ್ನುವಾಗಲೂ ಅವರ ಮುಖದಲ್ಲಿ ಕಿಲೋ ಲೆಕ್ಕ ಕಾಣುತ್ತಿತ್ತಂತೆ. ಅದಕ್ಕೆ ಅವಳಿಗೆ ನಗು ಬರುತ್ತಿತ್ತು. ನಗು ಬಂದರೆ ಅರ್ಧ ಗೆದ್ದ ಹಾಗೆ.

ಏನಾಯಿತು

ಸೆಪ್ಟೆಂಬರ್ ಸ್ಪರ್ಧೆಗೆ 55ರಿಂದ ಶುರು ಮಾಡಿಸಿದೆ. ಸಣ್ಣದು ಅಂತ ಬೇರೆ ಕೋಚ್‌ಗಳು ನಕ್ಕರು. ಬಾರ್ ಹಿಡಿದು 5 ಸೆಕೆಂಡ್. ಮೂರೂ ಬಿಳಿ ದೀಪ. ಕುರ್ಚಿಗೆ ವಾಪಸ್ ಬಂದಾಗ ಅವಳಿಗಿಂತ ಜಾಸ್ತಿ ನನ್ನ ಕಾಲು ನಡುಗುತ್ತಿತ್ತು.

ಎರಡನೆಯದು 59. ಪ್ಲೇಟ್ ಹಾಕುವುದರಲ್ಲಿ ಏನೋ ಗಡಿಬಿಡಿಯಾಗಿ ತಡವಾಯಿತು, ಅವಳ ಕ್ರಮ ಕಡಿಯಿತು, ಹೋಯಿತು. ಮತ್ತೆ ಅವಳದೇ ಸರದಿ, ಎರಡು ನಿಮಿಷ. ನವೆಂಬರಿನಲ್ಲಿ ನಾನು ಎಲ್ಲ ಹೇಳಿ ಮುಗಿಸಿದ್ದ ಅದೇ ಎರಡು ನಿಮಿಷ. ಈ ಸಲ ಚಾಕ್ ಡಬ್ಬ ಮುಂದೆ ಹಿಡಿದೆ, ಅಷ್ಟೆ. ಅವಳು ಚಾಕ್‌ನಿಂದ ಮತ್ತೆ ಶುರು ಮಾಡಿದಳು. 59 ಎದ್ದಿತು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 72, 76 ಸರಿಯಾಯಿತು, 79 ಆಗಲಿಲ್ಲ. ಒಟ್ಟು 135. ನಾಲ್ಕನೇ ಸ್ಥಾನ, ಪದಕ ಇಲ್ಲ.

ಬೇರೆಯವರು ಇದನ್ನು ಓದುವಾಗ

ಮನಸ್ಸಿನ ಅಭ್ಯಾಸವೇ ಎಲ್ಲ ಮಾಡಿತು ಅಂತ ಹೇಳಿದರೆ ಮೋಸವಾಗುತ್ತದೆ. ಮಾರ್ಚ್‌ನಲ್ಲಿ ಅವಳು 55ರೊಳಗೆ ಬರಲು ಎರಡು ದಿನದಲ್ಲಿ 1.8 ಕಿಲೋ ಇಳಿಸಿದ್ದಳು, ನೀರೂ ಸರಿಯಾಗಿ ಕುಡಿದಿರಲಿಲ್ಲ. ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲು, ಅಷ್ಟರಲ್ಲಿ ಮೈ ಚೇತರಿಸಿಕೊಳ್ಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡು ಹೊತ್ತು ಕುಚ್ಚಲಕ್ಕಿ ಗಂಜಿ ಉಂಡೇ 54.3 ಇದ್ದಳು. ಶುರುವಿನ ಭಾರವನ್ನೂ ಇಳಿಸಿದ್ದೆವು. ಮೂರು ಬದಲಾವಣೆ ಒಟ್ಟಿಗೆ ಮಾಡಿದ ಕಾರಣ ಯಾವುದರ ಪಾಲು ಎಷ್ಟು ಅಂತ ಬೇರ್ಪಡಿಸಲು ಆಗುವುದಿಲ್ಲ. ಮಗು ಸ್ಪರ್ಧೆಯಲ್ಲಿ ಕುಸಿದರೆ ಮೊದಲು ಊಟ, ನೀರು, ನಿದ್ದೆ, ತೂಕ ಇಳಿಸಿದ ರೀತಿ ನೋಡಿ. ಮನಸ್ಸಿನ ಮೇಲೆ ಹೊರಿಸುವುದು ಸುಲಭ, ಅಲ್ವಾ?

ಮೌನದ ನಿಯಮವನ್ನು ಎಲ್ಲರಿಗೂ ಹಾಕಬೇಡಿ. ನಮ್ಮಲ್ಲೇ ಒಬ್ಬ ಹುಡುಗನಿಗೆ ಇದೇ ಕ್ರಮ ಮಾಡಿಸಿದೆ, ಅವನ ಲಿಫ್ಟ್ ಕೆಟ್ಟಿತು. ಅವನಿಗೆ ಬೆನ್ನಿಗೆ ಎರಡು ಬಾರಿಸಿ ಕಿರುಚಬೇಕು, ಆಗಲೇ ಎಚ್ಚರ ಆಗುವುದು. ಯಾರಿಗೆ ಯಾವುದು ಅಂತ ಗೊತ್ತಾಗಲು ಆ ಮೂರಕ್ಷರದ ಪುಸ್ತಕ ಸಾಕು, ಎರಡು ವಾರ ಬರೆಸಿದರೆ ಗೊತ್ತಾಗುತ್ತದೆ. ಅಕ್ಷರಗಳನ್ನು ಮಾತ್ರ ಅವರಿಗೇ ಬಿಡಿ. "ಅ" ಅನ್ನುವುದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ, ನೆನಪಿರಲಿ.

ಮತ್ತೆ ಮಾಡುವುದಾದರೆ ಮೊದಲ ಸ್ಪರ್ಧೆಯ ಮರುದಿನವೇ ವಿಡಿಯೋ ನೋಡುತ್ತಿದ್ದೆ, ಶಬ್ದದ ಜೊತೆ. ಸ್ಕ್ವಾಟ್ ಏರಿಸಿದ ಆ ನಾಲ್ಕು ತಿಂಗಳು ಪೂರ್ತಿ ಹಾಳಾಗಲಿಲ್ಲ, ಆದರೆ ಅವಳಿಗೆ ಇನ್ನೂ ಮೂರು ಕೆಂಪು ಕೊಡಿಸಿತು. ನಡುವೆ ಊಟ ಬಿಟ್ಟು, ಕಾರಣ ಇಲ್ಲದೆ ಅಳುತ್ತಿದ್ದ ಹತ್ತು ದಿನಗಳಲ್ಲಿ ಕಾಲೇಜಿನ ಕೌನ್ಸೆಲರ್ ಹತ್ತಿರ ಎರಡು ಸಲ ಕಳಿಸಿದ್ದೆವು. ಅದು ನನ್ನ ಕೈಯ ಕೆಲಸ ಅಲ್ಲ ಅಂತ ಬೇಗ ಅರ್ಥವಾದದ್ದು ಒಳ್ಳೆಯದಾಯಿತು. ಅಂಥ ಸೌಕರ್ಯ ಇಲ್ಲದ ಕಡೆ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಬಹುದು.

ಈಗ ಪುಸ್ತಕ ಬರೆಯುವುದನ್ನು ಬಿಟ್ಟಿದ್ದಾಳೆ, ಬೇಕಾಗುವುದಿಲ್ಲ ಅನ್ನುತ್ತಾಳೆ. ಕುರ್ಚಿಯ ಒಂಬತ್ತು ನಿಮಿಷ ಮಾತ್ರ ಬಿಟ್ಟಿಲ್ಲ. ಸ್ಪರ್ಧೆಯ ಹಿಂದಿನ ರಾತ್ರಿಯ ನಿದ್ದೆ ಇನ್ನೂ ಸರಿಯಾಗಿಲ್ಲ. ಸೆಪ್ಟೆಂಬರ್‌ನಲ್ಲೂ ಎರಡೂವರೆಯವರೆಗೆ ಎದ್ದೇ ಇದ್ದಳಂತೆ, ನನಗೆ ಹೇಳಿದ್ದು ಒಂದು ತಿಂಗಳ ನಂತರ. ಈ ಸಲ ಊರಿನಿಂದ ಎರಡು ದಿನ ಮೊದಲೇ ಹೊರಟು, ಅಲ್ಲೇ ಮಲಗಿ ನೋಡುವುದು ಅಂತ ಮಾಡಿದ್ದೇವೆ.